ಇಂಗ್ಲಿಷ್ ವಾಕ್ಯದ ಡೈರೆಕ್ಟ್ ಆಬ್ಜೆಕ್ಟ್, ಅಂದರೆ ಕ್ರಿಯೆ ನೇರವಾಗಿ ತಟ್ಟುವ ಪದವನ್ನು, ಗುರುತಿಸಲು ವಾಕ್ಯವನ್ನು ಕನ್ನಡಕ್ಕೆ ತಿರುಗಿಸಿ 'ಅನ್ನು' ಎಲ್ಲಿ ಬರುತ್ತದೆಂದು ನೋಡಿದರೆ ಸಾಕೇ, ಇಲ್ಲ ನಿಯಮಗಳನ್ನೆಲ್ಲ ಬಾಯಿಪಾಠ ಮಾಡಬೇಕೇ?

ಎರಡೂ ಬೇಡ. 'ಅನ್ನು' ಹುಡುಕುವ ಆ ಉಪಾಯ ನನ್ನ ಒಂದು ವರ್ಷವನ್ನೇ ತಿಂದಿದೆ.

ನಮ್ಮದು ಅರಕಲಗೂಡು ಕಡೆಯ ಹಳ್ಳಿ, ಓದಿದ್ದೆಲ್ಲ ಕನ್ನಡ ಮಾಧ್ಯಮ. ಬಿ.ಎಡ್. ಮುಗಿಸಿ ಹಾಸನದಲ್ಲಿ ರೂಮು ಮಾಡಿಕೊಂಡು ಟಿಇಟಿಗೆ (ಶಿಕ್ಷಕರ ಅರ್ಹತಾ ಪರೀಕ್ಷೆಗೆ) ಓದುತ್ತಿದ್ದೆ. ವಿಭಕ್ತಿ ಪ್ರತ್ಯಯ ಹೈಸ್ಕೂಲಿನಿಂದಲೇ ನಾಲಿಗೆಯ ಮೇಲಿತ್ತು. ಅದನ್ನೇ ಇಂಗ್ಲಿಷಿಗೂ ಹಚ್ಚಿದೆ: 'ಅನ್ನು' ಬಂದರೆ ಡೈರೆಕ್ಟ್ ಆಬ್ಜೆಕ್ಟ್, 'ಗೆ' ಬಂದರೆ ಇನ್‌ಡೈರೆಕ್ಟ್. 'ಶಿ ಗೇವ್ ಮಿ ಎ ಬುಕ್' ಅಂದರೆ ನನಗೆ ಪುಸ್ತಕವನ್ನು ಕೊಟ್ಟಳು. ಸರಿಯಾಗಿ ಕೂತಿತು. 'ಅಪ್ಪ ಸೋಲ್ಡ್ ದ ಪೊಟೇಟೋಸ್', ಆಲೂಗಡ್ಡೆಯನ್ನು ಮಾರಿದ. ಅದೂ ಸರಿ. ಹೀಗೆ ಹತ್ತು ವಾಕ್ಯ ಸರಿ ಬಂದ ಮೇಲೆ ಹನ್ನೊಂದನೆಯದನ್ನು ಪರೀಕ್ಷಿಸಲೇ ಇಲ್ಲ.

ಟಿಇಟಿಯಲ್ಲಿ 'ಹಿ ಹೆಲ್ಪ್ಡ್ ದ ಫಾರ್ಮರ್' ಥರದ ವಾಕ್ಯ ಬಂತು. ರೈತನಿಗೆ ಸಹಾಯ ಮಾಡಿದ. 'ಗೆ' ಇದೆಯಲ್ಲ, ಇನ್‌ಡೈರೆಕ್ಟ್ ಎಂದು ತುಂಬಿದೆ. 'ದ ಡಾಗ್ ಬಿಟ್ ದ ಬಾಯ್', ನಾಯಿ ಹುಡುಗನಿಗೆ ಕಚ್ಚಿತು. ಮತ್ತೆ ಇನ್‌ಡೈರೆಕ್ಟ್. ಎರಡೂ ತಪ್ಪು, ಎರಡೂ ಡೈರೆಕ್ಟ್ ಆಬ್ಜೆಕ್ಟ್. 150ಕ್ಕೆ 90 ಬೇಕಿತ್ತು, ನನಗೆ ಬಂದದ್ದು 88. ಆ ಸಲದ ಶಿಕ್ಷಕರ ನೇಮಕಾತಿಗೆ ಅರ್ಜಿ ಹಾಕುವ ಅರ್ಹತೆಯೇ ಇಲ್ಲದಂತಾಯಿತು. ಅಪ್ಪನಿಗೆ ಫೋನಿನಲ್ಲಿ ಹೇಳುವಾಗ ಗಂಟಲು ಕಟ್ಟಿತ್ತು.

ತಪ್ಪು ಎಲ್ಲಿದೆಯೆಂದು ತೋರಿಸಿದವರು ಮೂಡಿಗೆರೆ ಕಡೆಯ ಒಬ್ಬ ನಿವೃತ್ತ ಮೇಷ್ಟ್ರು. "ಕನ್ನಡದ ಪದಕ್ಕೆ ಬಾಲ ಇದೆ ಕಣಪ್ಪ, ಎಲ್ಲಿಟ್ರೂ ಗುರುತು ಸಿಗುತ್ತೆ. ಇಂಗ್ಲಿಷಿನ ಪದಕ್ಕೆ ಇರೋದು ಜಾಗ ಮಾತ್ರ" ಅಂದರು. 'ಹುಡುಗನಿಗೆ ನಾಯಿ ಕಚ್ಚಿತು' ಅಂದರೂ 'ನಾಯಿ ಹುಡುಗನಿಗೆ ಕಚ್ಚಿತು' ಅಂದರೂ ಕಚ್ಚಿಸಿಕೊಂಡವನು ಹುಡುಗನೇ. ಇಂಗ್ಲಿಷಿನಲ್ಲಿ ಜಾಗ ಬದಲಿಸಿದರೆ ಹುಡುಗನೇ ನಾಯಿಗೆ ಕಚ್ಚಿದ ಹಾಗಾಗುತ್ತದೆ. ಸಾವಿರ ವರ್ಷದ ಹಿಂದಿನ ಹಳೆಯ ಇಂಗ್ಲಿಷಿನಲ್ಲಿ ನಾಮಪದಗಳಿಗೂ ವಿಭಕ್ತಿ ಇತ್ತು. 'ಹೆಲ್ಪ್' ಕ್ರಿಯಾಪದಕ್ಕೆ ಆಗ ನಮ್ಮ ಹಾಗೆಯೇ 'ಗೆ' ಅರ್ಥದ ಚತುರ್ಥಿ ಬರುತ್ತಿತ್ತು! ಆಮೇಲೆ ಆ ಪ್ರತ್ಯಯಗಳು ಸವೆದುಹೋದವು. ಈಗಿನ 'ಹಿಮ್' ಮೂಲದಲ್ಲಿ 'ಅವನಿಗೆ' ಎಂಬ ರೂಪ. 'ಅವನನ್ನು' ಎನ್ನಲು 'ಹಿನೆ' ಎಂಬ ಬೇರೆ ರೂಪವಿತ್ತು, ಅದು ಬಿದ್ದುಹೋಗಿ ಎರಡು ಕೆಲಸವೂ 'ಹಿಮ್' ತಲೆಗೇ ಬಂತು. ಹಾಗಾಗಿ ನಮ್ಮ 'ಗೆ', 'ಅನ್ನು' ಭೇದವನ್ನು ಅಲ್ಲಿ ಹುಡುಕಿದರೆ ಸಿಗುವುದಿಲ್ಲ. 'ಐ ಲೈಕ್ ಕಾಫಿ' ತಗೊಳ್ಳಿ. ಕನ್ನಡದಲ್ಲಿ 'ನನಗೆ ಕಾಫಿ ಇಷ್ಟ'. 'ಗೆ' ಅಂಟಿದ 'ನಾನು' ಇಂಗ್ಲಿಷಿನಲ್ಲಿ ಸಬ್ಜೆಕ್ಟು, ಯಾವ ಬಾಲವೂ ಇಲ್ಲದ ಕಾಫಿ ಆಬ್ಜೆಕ್ಟು.

ಬಾಯಿಪಾಠದ ನಿಯಮವೂ ಕೈಕೊಡುತ್ತದೆ. 'ಕ್ರಿಯಾಪದದ ಮುಂದೆ ಏನು, ಯಾರು ಎಂದು ಕೇಳು' ಎಂದು ಗೈಡುಗಳಲ್ಲಿ ಇರುತ್ತದಲ್ಲ, 'ಶಿ ಬಿಕೇಮ್ ಎ ಟೀಚರ್' ಎಂಬಲ್ಲಿ ಕೇಳಿ ನೋಡಿ. ಏನಾದಳು? ಟೀಚರ್. ಆದರೆ ಅದು ಆಬ್ಜೆಕ್ಟ್ ಅಲ್ಲ, ಕಾಂಪ್ಲಿಮೆಂಟ್, ಅಂದರೆ ಸಬ್ಜೆಕ್ಟು ಯಾರೆಂದು ಹೇಳುವ ಪದ. ಅವಳೂ ಟೀಚರೂ ಒಬ್ಬರೇ.

ನಾನು ಈಗ ಮಾಡುವುದು ಇಷ್ಟೇ: ವಾಕ್ಯವನ್ನು ಇಂಗ್ಲಿಷಿನಲ್ಲೇ ಕರ್ಮಣಿ ಪ್ರಯೋಗಕ್ಕೆ (ಪ್ಯಾಸಿವ್) ತಿರುಗಿಸುತ್ತೇನೆ. 'ದ ಫಾರ್ಮರ್ ವಾಸ್ ಹೆಲ್ಪ್ಡ್', ನಡೆಯುತ್ತದೆ, ಆಬ್ಜೆಕ್ಟ್. 'ಎ ಟೀಚರ್ ವಾಸ್ ಬಿಕಮ್' ನಡೆಯುವುದಿಲ್ಲ. 'ಐ ಹ್ಯಾವ್ ಟು ಕೌಸ್' ಎಂಬಲ್ಲಿಯ 'ಹ್ಯಾವ್'ನಂಥ ಕೆಲವು ಕ್ರಿಯಾಪದಗಳು ಮಾತ್ರ ಇದಕ್ಕೆ ಜಗ್ಗವು. ಅಲ್ಲಿ ಹಸುಗಳು ಆಬ್ಜೆಕ್ಟೇ, ಅಂಥವನ್ನು ನೆನಪಿಡಿ. 'ಗೇವ್' ಥರದ ಎರಡು ಆಬ್ಜೆಕ್ಟಿನ ವಾಕ್ಯದಲ್ಲಿ ಇನ್‌ಡೈರೆಕ್ಟ್ ಯಾವುದೆಂದು ತಿಳಿಯಲು 'ಟು' ಇಲ್ಲವೇ 'ಫಾರ್' ಹಾಕಿ ಕೊನೆಗೆ ಸರಿಸಿ: 'ಗೇವ್ ಎ ಬುಕ್ ಟು ಮಿ'. ಸರಿದು ಹೋದದ್ದು ಇನ್‌ಡೈರೆಕ್ಟ್, ಉಳಿದ ಬುಕ್ ಡೈರೆಕ್ಟ್.

ಇವತ್ತು ರಾತ್ರಿ ಎರಡು ವಾಕ್ಯ ಬರೆದುಕೊಂಡು ಕೂರಿ: 'ಐ ಸ್ಪೆಂಟ್ ಆನ್ ಅವರ್', 'ಐ ವೇಟೆಡ್ ಆನ್ ಅವರ್'. ಎರಡರಲ್ಲೂ ಅದೇ ಒಂದು ಗಂಟೆ, ಅದೇ ಜಾಗ. ಮೊದಲನೆಯದು ತಿರುಗುತ್ತದೆ, ಎರಡನೆಯದು ತಿರುಗುವುದಿಲ್ಲ. ಯಾಕೆಂದು ಕನ್ನಡಕ್ಕೆ ಹೋಗದೆ ಹೇಳಲು ಪ್ರಯತ್ನಿಸಿ.