ಹಳೇ ಮನೆಯನ್ನು ಕಲಾ ಕಾರ್ಯಕ್ರಮಕ್ಕೆ ಬಿಡಬೇಕಾದರೆ ಜಾಗವನ್ನು ಕಮರ್ಷಿಯಲ್ ಮಾಡಿಸಬೇಕಾ?

ನೀವು ಕೇಳಿದ್ದು ಇಷ್ಟು. ಮಂಗಳೂರಿನಲ್ಲಿ ಅಜ್ಜಿಯ ಕಾಲದ ಹಂಚಿನ ಮನೆ. ಮೂರು ವರ್ಷ ಕಷ್ಟಪಟ್ಟು ದುರಸ್ತಿ ಮಾಡಿದ್ದೀರಿ. ಈಗ ಅಲ್ಲಿ ತಾಳಮದ್ದಳೆ (ವೇಷ, ಕುಣಿತ ಇಲ್ಲದೆ ಕೂತು ನಡೆಸುವ ಯಕ್ಷಗಾನ), ಚಿತ್ರ ಪ್ರದರ್ಶನ, ಮಕ್ಕಳ ರಜಾ ಶಿಬಿರ ನಡೆಸುವ ಆಸೆ. ಜಾಗ ವಸತಿ ವಲಯದಲ್ಲಿದೆ. ಕಾಗದದ ಕೆಲಸ ಮಾಡಿಕೊಡುವವರು "ಕಮರ್ಷಿಯಲ್ ಮಾಡಿಸಿಬಿಡಿ, ಮತ್ತೆ ತಲೆನೋವಿಲ್ಲ" ಅಂದಿದ್ದಾರೆ. ಮಾಡಿಸಬೇಕಾ ಅಂತ ನಿಮ್ಮ ಪ್ರಶ್ನೆ.

ಬೇಡ. ದಯವಿಟ್ಟು ಬೇಡ. ನಮ್ಮ ಅಮ್ಮನ ಕುಟುಂಬದ ಮನೆಗೆ ಇದೇ ಸಲಹೆ ಬಂದಿತ್ತು, ನಾವು ಹೆಚ್ಚುಕಡಿಮೆ ಒಪ್ಪಿಕೊಂಡೂ ಬಿಟ್ಟಿದ್ದೆವು. ಹಾಗಾಗಿ ಸ್ವಲ್ಪ ವಿವರವಾಗಿ ಬರೆಯುತ್ತೇನೆ.

ನಮ್ಮದೂ ಕೆಂಪುಕಲ್ಲಿನ ಗೋಡೆ, ಸುಣ್ಣದ ಗಾರೆ, ಮುಂದೆ ಚಾವಡಿ, ಸುತ್ತ ಜಗಲಿ ಇರುವ ಮನೆ. ಹಲಸಿನ ಮರದ ಕಂಬಗಳು ಗಟ್ಟಿಯಾಗಿದ್ದವು. ಹಂಚು ಹೊರುವ ಪಕ್ಕಾಸು, ರೀಪು ಪಟ್ಟಿಗಳು ಮಾತ್ರ ಒರಲೆ ಹುಳ ತಿಂದು ಹೋಗಿದ್ದವು. ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿಗೂ ಜಾಸ್ತಿ ಮಳೆ ಬೀಳುವ ಊರು ಇದು. ಎರಡು ಮಳೆಗಾಲ ಮನೆ ಬೀಗ ಹಾಕಿಕೊಂಡಿದ್ದರೆ ಸಾಕು, ಹಂಚಿನ ಮಾಡು ಕುಸಿದು ಕೂತುಬಿಡುತ್ತದೆ. ದುರಸ್ತಿಗೆ ಹಂಚು ಬೇಕಾದಾಗ ಹೊಸ ಹಂಚು ಅಳತೆಗೆ ಹೊಂದಲಿಲ್ಲ. ಬಾಸೆಲ್ ಮಿಶನ್‌ನವರು 1865ರಲ್ಲಿ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಶುರು ಮಾಡಿದ ಮೇಲೆ ಊರಲ್ಲಿ ಎಷ್ಟೋ ಕಾರ್ಖಾನೆಗಳು ಬಂದವು, ಒಬ್ಬೊಬ್ಬರ ಹಂಚಿಗೂ ಒಂದೊಂದು ಅಚ್ಚು. ಕೊನೆಗೆ ಕೆಡವಿದ ಮನೆಗಳ ಹಂಚನ್ನು ಹುಡುಕಿ ತಂದೆವು. ಲಾರಿಯಿಂದ ಇಳಿಸುವಾಗ ನಮ್ಮ ಸೋದರಮಾವ ಒಂದೊಂದು ರಾಶಿಗೂ ಕೇಳುತ್ತಿದ್ದರು, "ಇದು ಯಾರ ಮನೆಯದ್ದು?" ಹಂಚು ತಂದವನು ಹೇಳುತ್ತಿದ್ದ. ಹೇಳಿದ ಮನೆಗಳಲ್ಲಿ ಮೂರು ನಮಗೆ ಗೊತ್ತಿದ್ದವೇ. ಮೂರೂ ಕಡೆ ಮೊದಲು ಜಾಗ ಕಮರ್ಷಿಯಲ್ ಆಗಿತ್ತು, ಆಮೇಲೆ ಮನೆ ಹೋಗಿತ್ತು.

ಇದನ್ನು ಕಣ್ಣಾರೆ ಕಂಡಿದ್ದೂ ನಾವು ಎಚ್ಚೆತ್ತುಕೊಳ್ಳಲಿಲ್ಲ. ನಮ್ಮ ಅರ್ಜಿ ತಯಾರಿಸಿದವರು ಉದ್ದೇಶದ ಜಾಗದಲ್ಲಿ "ವಾಣಿಜ್ಯ" ಅಂತ ಬರೆದಿದ್ದರು. ಜಾಗದ ಬೆಲೆ ಏರುತ್ತದೆ, ಮುಂದೆ ಏನು ಬೇಕಾದರೂ ಮಾಡಬಹುದು ಅನ್ನುವುದು ಅವರ ಲೆಕ್ಕ. ಸಹಿ ಹಾಕುವ ಮೊದಲು ಮಾವ ಕನ್ನಡಕ ಏರಿಸಿ ಪೂರ್ತಿ ಓದಿದರು. ಆಮೇಲೆ ನನ್ನ ಕಡೆ ತಿರುಗಿ, "ಇಪ್ಪತ್ತು ವರ್ಷ ಬಿಟ್ಟು ನಾನಂತೂ ಇರುವುದಿಲ್ಲ. ಈ ಕಾಗದ ಇರ್ತದೆ. ಆವಾಗ ಜಾಗ ನೋಡಲಿಕ್ಕೆ ಬಂದವನಿಗೆ ಚಾವಡಿ ಕಾಣ್ತದಾ, ಎಷ್ಟು ಸೆಂಟ್ಸ್ ಜಾಗ ಅಂತ ಕಾಣ್ತದಾ?" ಅಂದರು. ನನಗೆ ಉತ್ತರ ಹೊಳೆಯಲಿಲ್ಲ.

ಭೂ ಬಳಕೆ ಬದಲಾವಣೆ ಅಂದರೆ ಬದಲಾಗುವುದು ಜಾಗ, ಮನೆ ಅಲ್ಲ. ಊರಿನ ಮಹಾಯೋಜನೆಯ, ಅಂದರೆ ಮಾಸ್ಟರ್ ಪ್ಲಾನಿನ ನಕ್ಷೆಯಲ್ಲಿ ವಸತಿಗೆ ಹಳದಿ, ವಾಣಿಜ್ಯಕ್ಕೆ ನೀಲಿ, ಸಾರ್ವಜನಿಕ ಮತ್ತು ಅರೆ ಸಾರ್ವಜನಿಕ ಬಳಕೆಗೆ ಕೆಂಪು ಬಣ್ಣ ಇರುತ್ತದೆ. ನಿಮ್ಮ ಸರ್ವೆ ನಂಬರು ಒಮ್ಮೆ ನೀಲಿ ಆಯಿತು ಅಂತಿಟ್ಟುಕೊಳ್ಳಿ. ಆಮೇಲೆ ಅಲ್ಲಿ ತಾಳಮದ್ದಳೆಯೇ ನಡೆಯಬೇಕು ಅಂತ ಆ ಬಣ್ಣ ಹೇಳುವುದಿಲ್ಲ. ಮನೆ ಉಳಿಯಬೇಕು ಅಂತಲೂ ಹೇಳುವುದಿಲ್ಲ. ಹಾಗಾಗಿ ನಿಮ್ಮ ಕೆಲಸಕ್ಕೆ ಎಷ್ಟು ಬೇಕೋ ಅಷ್ಟೇ ಅನುಮತಿ ಕೇಳಿ. ಒಂದು ಗೆರೆ ಕೂಡ ಜಾಸ್ತಿ ಬೇಡ.

ಅದಕ್ಕೆ ಮೊದಲು, ಬದಲಾವಣೆ ಬೇಕೇ ಬೇಕಾ ಅಂತ ನೋಡಿ. ವಲಯ ನಿಯಮಾವಳಿಯಲ್ಲಿ ವಸತಿ ವಲಯಕ್ಕೆ ಎರಡು ಪಟ್ಟಿಗಳಿರುತ್ತವೆ. ನೇರವಾಗಿ ಒಪ್ಪಿಗೆ ಇರುವ ಬಳಕೆಗಳದ್ದು ಒಂದು. ವಿಶೇಷ ಸಂದರ್ಭದಲ್ಲಿ ಯೋಜನಾ ಪ್ರಾಧಿಕಾರ ಒಪ್ಪಬಹುದಾದ ಬಳಕೆಗಳದ್ದು ಇನ್ನೊಂದು. ನಿಮ್ಮ ಯೋಜನೆ ಇದರಲ್ಲಿ ಯಾವುದಾದರೂ ಒಂದರೊಳಗೆ ಕೂರುತ್ತದಾ ಅಂತ ನಗರ ಯೋಜನೆ ಗೊತ್ತಿರುವವರ ಹತ್ತಿರ ಓದಿಸಿ. ಕೂತರೆ ವಲಯ ಹಳದಿಯಾಗಿಯೇ ಉಳಿಯುತ್ತದೆ, ನಿಮಗೆ ಬಳಕೆಯ ಅನುಮತಿ ಸಿಗುತ್ತದೆ. ನನ್ನ ಪ್ರಕಾರ ಹಳೇ ಮನೆಗೆ ಇದಕ್ಕಿಂತ ಒಳ್ಳೆಯ ದಾರಿ ಇಲ್ಲ.

ಕೂರದಿದ್ದರೆ ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆ, 1961ರ 14ಎ ಕಲಮಿನಡಿ ಭೂ ಬಳಕೆ ಬದಲಾವಣೆಗೆ ಅರ್ಜಿ ಹಾಕಬೇಕು. ನಿಮಗೆ ಮಂಗಳೂರು ನಗರಾಭಿವೃದ್ಧಿ ಪ್ರಾಧಿಕಾರ, ಉಡುಪಿಯವರಿಗೆ ಅಲ್ಲಿನ ಪ್ರಾಧಿಕಾರ. ಕಾಯ್ದೆ ಒಂದೇ. ಬದಲಾವಣೆ ಸಾರ್ವಜನಿಕ ಹಿತಕ್ಕಾಗಿ ಇರಬೇಕು. ದಿನಪತ್ರಿಕೆಯಲ್ಲಿ ಪ್ರಕಟಣೆ ಕೊಟ್ಟು ಆಕ್ಷೇಪಣೆಗೆ ಕನಿಷ್ಠ 15 ದಿನ ಬಿಡಬೇಕು. ಸರ್ಕಾರದ ಒಪ್ಪಿಗೆ ಬೇಕು. ಶುಲ್ಕವೂ ಇದೆ. ಇಲ್ಲಿ "ಸಾರ್ವಜನಿಕ ಮತ್ತು ಅರೆ ಸಾರ್ವಜನಿಕ" ಅಂತ ಕೇಳಿ. ಸಾರ್ವಜನಿಕ ಹಿತ ಅನ್ನುವುದನ್ನು ಸುಮ್ನೆ ಒಂದು ಸಾಲಲ್ಲಿ ಬರೆದು ಬಿಡಬೇಡಿ. ವರ್ಷಕ್ಕೆ ಎಷ್ಟು ಕಾರ್ಯಕ್ರಮ, ಎಷ್ಟು ಜನ, ಯಾವ ಶಾಲೆಯ ಮಕ್ಕಳು ಬರುತ್ತಾರೆ, ಪ್ರವೇಶ ಉಚಿತವಾ, ಎಲ್ಲ ಬರೆಯಿರಿ. ನಮ್ಮದು ಎರಡನೇ ದಾರಿಯಲ್ಲೇ ಹೋಯಿತು. ಅರ್ಜಿ ಕೊಟ್ಟಲ್ಲಿಂದ ಆದೇಶ ಕೈಗೆ ಬರುವವರೆಗೆ ಹದಿನಾಲ್ಕು ತಿಂಗಳು ಹಿಡಿಯಿತು.

ಇನ್ನೊಂದು ಗೊಂದಲ ನಮ್ಮ ಕಡೆ ತುಂಬಾ ಸಾಮಾನ್ಯ. "ನಮ್ಮದು ಕನ್ವರ್ಶನ್ ಆಗಿದೆ" ಅಂದ ಕೂಡಲೇ ಎಲ್ಲ ಮುಗಿಯಿತು ಅಂದುಕೊಳ್ಳುತ್ತಾರೆ. ಕನ್ವರ್ಶನ್ ಅಂದರೆ ಕೃಷಿ ಜಾಗವನ್ನು ಬೇರೆ ಉದ್ದೇಶಕ್ಕೆ ಬಳಸಲು 1964ರ ಭೂ ಕಂದಾಯ ಕಾಯ್ದೆಯಲ್ಲಿ ಸಿಗುವ ಆದೇಶ. ವಲಯದ ವಿಷಯ ಬೇರೆ ಕಾಯ್ದೆ, ಬೇರೆ ಕಚೇರಿ. ಹಳೇ ಮನೆಗಳಲ್ಲಿ ಮನೆಯ ಅಡಿಸ್ಥಳ ಮಾತ್ರ ಕನ್ವರ್ಶನ್ ಆಗಿ ಅಂಗಳ, ತೋಟ ಇನ್ನೂ ಪಹಣಿಯಲ್ಲಿ ಕೃಷಿ ಅಂತಲೇ ಇರುವುದುಂಟು. ನೀವು ಅಂಗಳದಲ್ಲಿ ಕಾರ್ಯಕ್ರಮ ಮಾಡುವವರಾದರೆ ಇದನ್ನು ಈಗಲೇ ನೋಡಿಕೊಳ್ಳಿ. ವಾಸಕ್ಕೆಂದು ಆದ ಕನ್ವರ್ಶನ್ ಬೇರೆ ಬಳಕೆಗೆ ನಡೆಯುತ್ತದಾ ಅಂತಲೂ ಕೇಳಿ. ಮೂಲಗೇಣಿ, ಅಂದರೆ ಶಾಶ್ವತ ಗೇಣಿಯ ಜಾಗವಾದರೆ ಆ ಹಕ್ಕಿನ ವಿಷಯ ಮೊದಲು ಬಗೆಹರಿಸಿ. ನದಿ ಹತ್ತಿರವಿದ್ದರೆ ಕರಾವಳಿ ನಿಯಂತ್ರಣ ವಲಯದ, ಅಂದರೆ ಸಿಆರ್‌ಝಡ್ ಗೆರೆ ಎಲ್ಲಿದೆ ನೋಡಿ. ಮಹಾಯೋಜನೆಯಲ್ಲಿ ರಸ್ತೆ ಅಗಲೀಕರಣದ ಗೆರೆ ನಿಮ್ಮ ಜಗಲಿಯ ಮೇಲೆಯೇ ಹಾದುಹೋಗಿದೆಯಾ ಅಂತ ನಕ್ಷೆ ಹಿಡಿದು ನೋಡಿ. ನಮ್ಮಲ್ಲಿ ಆ ಗೆರೆ ತುಳಸಿಕಟ್ಟೆಯಿಂದ ನಾಲ್ಕಡಿ ಆಚೆ ನಿಂತಿತ್ತು. ಅದು ಗೊತ್ತಾದ ದಿನ ಅಮ್ಮ ನೆಮ್ಮದಿಯಿಂದ ಊಟ ಮಾಡಿದರು.

ಹೆಣ್ಣಿನ ಕಡೆಯಿಂದ ಆಸ್ತಿ ಬರುವ ಅಳಿಯಕಟ್ಟಿನ ಕುಟುಂಬವಾದರೆ ಎಲ್ಲ ಕವರಿನವರ, ಅಂದರೆ ಎಲ್ಲ ಕವಲಿನವರ ಒಪ್ಪಿಗೆ ಬರಹದಲ್ಲೇ ಇರಲಿ. ಬಾಯಿಮಾತಿನಲ್ಲಿ ಎಲ್ಲರೂ ಹೂಂ ಅನ್ನುತ್ತಾರೆ. ಆದರೆ ಪತ್ರಿಕೆಯಲ್ಲಿ ಪ್ರಕಟಣೆ ಬಂದಾಗ ಮುಂಬೈಯಿಂದ ಫೋನ್ ಬರುತ್ತದೆ.

ದೈವದ ವಿಷಯ ನೀವು ಕೇಳಿಲ್ಲ. ಆದರೂ ಹೇಳುತ್ತೇನೆ, ಯಾಕೆಂದರೆ ನಮ್ಮಲ್ಲಿ ಹೆಚ್ಚು ದಿನ ಮಾತುಕತೆ ನಡೆದದ್ದು ಇದರ ಮೇಲೆಯೇ. ಚಾವಡಿಯ ಬಲಕ್ಕೆ ದೈವದ ಕೋಣೆ ಇದೆ. ವರ್ಷಕ್ಕೊಮ್ಮೆ ದೈವಕ್ಕೆ ತಂಬಿಲ ಸೇವೆ ಆಗುತ್ತದೆ. ಊರಿನವರೆಲ್ಲ ಚಪ್ಪಲಿ ಹಾಕಿಕೊಂಡು ಓಡಾಡುವ ಜಾಗ ಮಾಡಿದರೆ ಹೇಗೆ ಅಂತ ದೊಡ್ಡಮ್ಮನಿಗೆ ಚಿಂತೆ. ಅವರ ಮಾತು ಸರಿಯಾಗಿಯೇ ಇತ್ತು. ಹಾಗಾಗಿ ಆ ಕೋಣೆಯನ್ನೂ ಅದರ ಮುಂದಿನ ಜಗಲಿಯನ್ನೂ ನಕ್ಷೆಯಲ್ಲೇ ಬೇರೆ ತೋರಿಸಿದೆವು. ಅದು ಕುಟುಂಬದ್ದು, ಸಾರ್ವಜನಿಕ ಬಳಕೆಗೆ ಇಲ್ಲ ಅಂತ, ಮುಂದೆ ಹೇಳುವ ಲೀಸ್ ಕರಾರಿನಲ್ಲೂ ಬರೆಸಿದೆವು. ತಂಬಿಲದ ಹಿಂದಿನ ದಿನದಿಂದ ಮಾರನೇ ದಿನದವರೆಗೆ ಯಾವ ಕಾರ್ಯಕ್ರಮವೂ ಇಲ್ಲ. ಈಗ ತಾಳಮದ್ದಳೆಯಲ್ಲಿ ಪಾತ್ರದ ಮಾತು ಆಡಲು ಬರುವ ಅರ್ಥಧಾರಿಗಳು ತಾವಾಗಿ ಆ ಕಡೆ ತಿರುಗಿ ಕೈಮುಗಿದು ಕೂರುತ್ತಾರೆ.

ನೆರೆಯವರು ಆಕ್ಷೇಪಣೆ ಹಾಕಿದರೆ ಏನು ಮಾಡುವುದು ಅಂತಲೂ ಕೇಳಿದ್ದೀರಿ. ಹಾಕಲಿ ಅಂತ ಕಾಯಬೇಡಿ, ಮೊದಲೇ ಹೋಗಿ. ನಮ್ಮ ಎದುರು ಮನೆಯ ಬಾಯಮ್ಮನಿಗೆ ಎಂಬತ್ತು ದಾಟಿದೆ. ನಾನು ಕಾಗದ ಹಿಡಿದುಕೊಂಡು ಹೋದಾಗ ಅವರು ಯಕ್ಷಗಾನದ ವಿಷಯ ಎತ್ತಲೇ ಇಲ್ಲ. "ಮಗಾ, ನಮ್ಮವರಿಗೆ ಎದೆನೋವು ಬಂದ ದಿವಸ ಓಣಿಯಲ್ಲಿ ಮದುವೆ ಕಾರುಗಳು. ಆಂಬುಲೆನ್ಸ್ ಒಳಗೆ ಬರ್ಲಿಲ್ಲ. ಸ್ಟ್ರೆಚರ್ ರಸ್ತೆವರೆಗೆ ಹೊತ್ತುಕೊಂಡು ಹೋದ್ರು" ಅಂದರು. ಇಷ್ಟು ವರ್ಷ ಎದುರು ಬದುರು ಇದ್ದೂ ಆ ದಿನದ ಕತೆ ನನಗೆ ಗೊತ್ತಿರಲಿಲ್ಲ. ಬೇಸರವಾಯಿತು. ವಾಪಸ್ ಬಂದು ಅರ್ಜಿಯಲ್ಲಿ ನಾವೇ ಷರತ್ತು ಬರೆದುಕೊಂಡೆವು. ಒಂದು ಕಾರ್ಯಕ್ರಮಕ್ಕೆ 80 ಜನ, ಅದಕ್ಕಿಂತ ಜಾಸ್ತಿ ಇಲ್ಲ. ಓಣಿಯಲ್ಲಿ ಒಂದು ವಾಹನವೂ ನಿಲ್ಲುವುದಿಲ್ಲ. ಹತ್ತಿರದ ಶಾಲೆಯ ಮೈದಾನದಲ್ಲಿ ನಿಲ್ಲಿಸಲು ಅವರ ಒಪ್ಪಿಗೆ ಪತ್ರ ಲಗತ್ತಿಸಿದ್ದೇವೆ. ಓಣಿಯ ಬಾಯಲ್ಲಿ ಒಬ್ಬರು ಟಾರ್ಚ್ ಹಿಡಿದು ನಿಲ್ಲುತ್ತಾರೆ. ಹದಿನೈದು ದಿನದಲ್ಲಿ ಬಂದದ್ದು ಒಂದೇ ಆಕ್ಷೇಪಣೆ, ಅದೂ ಶಬ್ದದ ಬಗ್ಗೆ.

ಶಬ್ದದ ನಿಯಮ ನಿಮಗೂ ಬೇಕಾಗುತ್ತದೆ. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದಲ್ಲಿ ಹಗಲು 55, ರಾತ್ರಿ 45 ಡೆಸಿಬಲ್ ಮಿತಿ. ರಾತ್ರಿ ಅಂದರೆ 10ರಿಂದ ಬೆಳಗ್ಗೆ 6. ಇಡೀ ರಾತ್ರಿಯ ಯಕ್ಷಗಾನದ ಆಟಕ್ಕೆ ಇದು ಜಾಗ ಅಲ್ಲವೇ ಅಲ್ಲ, ಆ ಆಸೆ ಬಿಟ್ಟುಬಿಡಿ. ಚಾವಡಿಯಲ್ಲಿ ತಾಳಮದ್ದಳೆಗೆ ಮೈಕೇ ಬೇಡ. ಮರದ ಮುಚ್ಚಿಗೆಯ ಕೆಳಗೆ ಭಾಗವತರ ದನಿ, ಮದ್ದಳೆಯ ಪೆಟ್ಟು ಎಷ್ಟು ಚೆನ್ನಾಗಿ ಕೇಳುತ್ತದೆ ಗೊತ್ತಾ? ಒಮ್ಮೆ ಮೈಕಿಲ್ಲದೆ ಕೂರಿಸಿ ನೋಡಿ. ಸಂಜೆ 5ಕ್ಕೆ ಶುರು ಮಾಡಿ 9ಕ್ಕೆ ಮುಗಿಸಿ.

ಕಟ್ಟಡದ ಕಡೆ ಎರಡು ಮಾತು. ಶೌಚಾಲಯವನ್ನು ಮನೆಯೊಳಗೆ ತುರುಕಬೇಡಿ. ಹಿತ್ತಿಲಿನಲ್ಲಿ ಬೇರೆಯಾಗಿ ಚಿಕ್ಕದು ಕಟ್ಟಿ, ಅದಕ್ಕೂ ಪಾಲಿಕೆಯ ಪರವಾನಗಿ ತಗೊಳ್ಳಿ. ಉಪ್ಪರಿಗೆಗೆ ಜನ ಹತ್ತಿಸಬೇಡಿ, ಆ ತೊಲೆಗಳು ಮನೆಮಂದಿಯ ಭಾರಕ್ಕೆ ಇಟ್ಟದ್ದು. ಬಳಕೆ ಬದಲಾದ ಮೇಲೆ ಆಸ್ತಿ ತೆರಿಗೆ ಮತ್ತು ಮೆಸ್ಕಾಂನ ಕರೆಂಟ್ ದರ ಯಾವ ವರ್ಗಕ್ಕೆ ಹೋಗುತ್ತದೆ ಅಂತಲೂ ವಿಚಾರಿಸಿ. ನಮ್ಮ ಕರೆಂಟ್ ಬಿಲ್ ಏರಿತು.

ಅನುಮತಿ ಸಿಕ್ಕಿದರೂ ಮಾವನ ಪ್ರಶ್ನೆ ಹಾಗೇ ಉಳಿಯುತ್ತದೆ ಅಲ್ವಾ? ಕೆಂಪು ಬಣ್ಣ ಬಂದ ಜಾಗದಲ್ಲೂ ಮನೆ ಕೆಡವಿ ಸಭಾಭವನ ಕಟ್ಟಬಹುದು. ಅದಕ್ಕೆ ನಾವು ಸಾರ್ವಜನಿಕ ಟ್ರಸ್ಟ್ ಮಾಡಿ, ಕುಟುಂಬದಿಂದ ಅದಕ್ಕೆ 30 ವರ್ಷದ ಲೀಸ್ ಕೊಟ್ಟೆವು. ವರ್ಷಕ್ಕಿಂತ ಹೆಚ್ಚಿನ ಲೀಸ್ ನೋಂದಣಿ ಆಗಲೇಬೇಕು, ಬರೀ ಸ್ಟ್ಯಾಂಪ್ ಪೇಪರಿನಲ್ಲಿ ಬರೆದಿಡಬೇಡಿ. ಅದರಲ್ಲಿ ಮನೆಯ ಒಂದೊಂದು ಅಂಗವನ್ನೂ ಹೆಸರು ಹಿಡಿದು ಬರೆಸಿದ್ದೇವೆ: ಹಂಚಿನ ಮಾಡು, ಹನ್ನೆರಡು ಕಂಬ, ಮುಚ್ಚಿಗೆ, ಬಾಗಿಲವಾಡದ ಕೆತ್ತನೆ, ಬಾವಿಕಟ್ಟೆ. ಇವನ್ನು ತೆಗೆಯುವ ಹಾಗಿಲ್ಲ. ಇದರ ಜೊತೆಗೆ ಪ್ರಾಧಿಕಾರಕ್ಕೆ ಮನೆಯನ್ನು ಪಾರಂಪರಿಕ ಕಟ್ಟಡ ಅಂತ ಘೋಷಿಸಲು ಬೇರೆ ಅರ್ಜಿ ಕೊಡಿ. 1961ರ ಯೋಜನಾ ಕಾಯ್ದೆಯಲ್ಲೇ ಅದಕ್ಕೆ ಜಾಗ ಇದೆ. ಘೋಷಣೆ ಆದರೆ ಮನೆಯಲ್ಲಿ ಬದಲಾವಣೆ ಮಾಡುವಾಗ ನಿಮಗೂ ಕೈಕಟ್ಟಿದ ಹಾಗಾಗುತ್ತದೆ. ಕಟ್ಟಲಿ. ಮುಂದೆ ಬರುವವರ ಕೈಯೂ ಕಟ್ಟಿರುತ್ತದೆ.

ಧೈರ್ಯಕ್ಕೆ ಊರಲ್ಲೇ ಉದಾಹರಣೆಗಳಿವೆ. ಬಿಜೈಯ ಶ್ರೀಮಂತಿಬಾಯಿ ಸ್ಮಾರಕ ವಸ್ತುಸಂಗ್ರಹಾಲಯ, ಹಡಗಿನ ಆಕಾರದ ಆ ಕಟ್ಟಡ, ಮೂಲತಃ ಕರ್ನಲ್ ಮಿರಾಜ್ಕರ್ ಅವರ ಮನೆ. ಅವರು ಅದನ್ನು ಸರ್ಕಾರಕ್ಕೆ ಕೊಟ್ಟರು, ಅವರ ತಾಯಿಯ ಹೆಸರಲ್ಲಿ 1960ರಲ್ಲಿ ಅದು ಜನರಿಗೆ ತೆರೆಯಿತು. ಬಲ್ಲಾಳ್‌ಬಾಗಿನ ಕೊಡಿಯಾಲ್‌ಗುತ್ತಿನಲ್ಲಿ ಪರಂಪರೆ ಉಳಿಸುವ ಸಂಸ್ಥೆ ಇಂಟ್ಯಾಕ್‌ನ ಮಂಗಳೂರು ಘಟಕ ಕಲಾ ಕೇಂದ್ರ ನಡೆಸುತ್ತದೆ, ಒಮ್ಮೆ ಹೋಗಿ ಪ್ರದರ್ಶನ ನೋಡಿ. ನಿಮ್ಮದರ ಹಾಗೆಯೇ ಮನೆ ಅದು. ಮಣಿಪಾಲದ ಹೆರಿಟೇಜ್ ವಿಲೇಜ್‌ಗೂ ಒಂದು ದಿನ ಇಟ್ಟುಕೊಳ್ಳಿ. ಕೆಡವಲು ಹೊರಟ ಮನೆಗಳನ್ನು ವಿಜಯನಾಥ ಶೆಣೈಯವರು ಬಿಚ್ಚಿ ತಂದು ಅಲ್ಲಿ ಮತ್ತೆ ನಿಲ್ಲಿಸಿದ್ದಾರೆ. ಅಲ್ಲಿ ನಿಂತಾಗ ನನಗೆ ಖುಷಿಯೂ ಆಯಿತು, ಸಂಕಟವೂ ಆಯಿತು. ನಿಮ್ಮ ಮನೆ ಇನ್ನೂ ತನ್ನ ಅಂಗಳದಲ್ಲೇ, ತನ್ನ ಬಾವಿಯ ಪಕ್ಕದಲ್ಲೇ ಇದೆ.

ಮೊದಲ ಕೆಲಸವಾಗಿ ನಿಮ್ಮ ಸರ್ವೆ ನಂಬರಿಗೆ ವಲಯ ದೃಢೀಕರಣ ಪತ್ರ ತಗೊಳ್ಳಿ. ಕಾಗದ ಮಾಡುವವರು ಉದ್ದೇಶದ ಜಾಗದಲ್ಲಿ ಏನು ಬರೆದಿದ್ದಾರೆ ಅಂತ ಸಹಿಗೆ ಮೊದಲು ನೀವೇ ಓದಿ. ಮತ್ತೆ, ದುರಸ್ತಿಯಲ್ಲಿ ಉಳಿದ ಹಳೇ ಹಂಚು ನಮ್ಮ ಹಿತ್ತಿಲಲ್ಲಿ ಇನ್ನೂರರಷ್ಟು ಜೋಡಿಸಿಟ್ಟಿದೆ. ನಿಮ್ಮ ಹಂಚಿನ ಹಿಂಬದಿಯ ಅಚ್ಚಿನ ಫೋಟೊ ಇಲ್ಲಿ ಹಾಕಿ. ಹೊಂದುವುದಾದರೆ ಮಳೆಗಾಲಕ್ಕೆ ಮುಂಚೆ ಬಂದು ತಗೊಂಡು ಹೋಗಿ.