ಹ್ಯೂಸ್ಟನ್‌ನಲ್ಲಿ ಕಾರಿಲ್ಲದೆ ಬದುಕೋದು ಯಾಕಷ್ಟು ಕಷ್ಟ?

ಊರು ತೀರಾ ಹರಡಿಕೊಂಡಿದೆ, ಅದಕ್ಕೇ. 1901ರಲ್ಲಿ ಅದೇ ಟೆಕ್ಸಸ್ ರಾಜ್ಯದ ಬೋಮಾಂಟ್ ಊರಿನ ಬಳಿ ಕಚ್ಚಾ ಎಣ್ಣೆ ಚಿಮ್ಮಿತು, 1914ರಲ್ಲಿ ಹ್ಯೂಸ್ಟನ್‌ಗೆ ದೊಡ್ಡ ಹಡಗುಗಳು ಬರುವಂಥ ಕಾಲುವೆ ತೆರೆಯಿತು. ಕೆಲಸ ಹುಡುಕಿಕೊಂಡು ಜನ ಬಂದರು. ಸುತ್ತ ಸಮತಟ್ಟು ನೆಲ, ಅಡ್ಡ ಬರೋಕೆ ಒಂದು ಬೆಟ್ಟವೂ ಇಲ್ಲ. ಊರು ಬೆಳೆದದ್ದು ಹೆಚ್ಚಾಗಿ ಕಾರಿನ ಕಾಲದಲ್ಲೇ.

‘ಇಲ್ಲಿ ಮನೆ, ಅಲ್ಲಿ ಅಂಗಡಿ’ ಅಂತ ಜಾಗ ವಿಂಗಡಿಸುವ ಕಾನೂನು ಹ್ಯೂಸ್ಟನ್‌ನಲ್ಲಿಲ್ಲ. ಎಲ್ಲರೂ ಅದನ್ನೇ ದೂರುತ್ತಾರೆ. ನನ್ನ ಪ್ರಕಾರ ಪಾರ್ಕಿಂಗ್ ನಿಯಮದ ಪಾತ್ರ ಅದಕ್ಕಿಂತ ಜಾಸ್ತಿ. ಊರ ನಡುವಿನ ವ್ಯಾಪಾರದ ಜಾಗವಾದ ಡೌನ್‌ಟೌನ್‌ನಂಥ ಕೆಲವು ಭಾಗ ಬಿಟ್ಟರೆ, ಅಂಗಡಿ, ಹೋಟೆಲ್ ಕಟ್ಟುವವರು ಇಂತಿಷ್ಟು ಕಾರಿಗೆ ಜಾಗ ಬಿಡಲೇಬೇಕು. ಕಟ್ಟಡಗಳು ದೂರದೂರ ಆಗುತ್ತವೆ, ನಡೆದು ಹೋಗೋಕೆ ಆಗಲ್ಲ, ಬಸ್ಸಿಗೆ ಜನ ಸಾಲಲ್ಲ. ಮೇಲೆ ಬೇಸಿಗೆಯ ಸೆಕೆ ಬೇರೆ! ಡೌನ್‌ಟೌನ್‌ನಲ್ಲಿ ನಡೆಯುವವರಿಗೆ ನೆಲದಡಿ ಎಸಿ ಸುರಂಗಗಳೇ ಇವೆ.