ರುಬ್ಬುವ ಕಲ್ಲಿನ ಕೆಳಗಿನ ಬೆಲ್ಟು: ಚಾಕೊಲೇಟ್ ಮಾಡುವವರ ಮೂರು ಪ್ರಶ್ನೆಗಳು

ಪ್ರಶ್ನೆ: ಸುಳ್ಯ ತಾಲ್ಲೂಕಿನ ನಮ್ಮ ಅಡಿಕೆ ತೋಟದ ನಡುವೆ ಒಂದಷ್ಟು ಕೊಕ್ಕೋ ಗಿಡಗಳಿವೆ. ಹಸಿ ಬೀಜವನ್ನು ಮಾರಿ ಉಳಿದ ಸ್ವಲ್ಪವನ್ನು ಮನೆಯಲ್ಲೇ ಹುದುಗು ಬರಿಸಿ, ಒಣಗಿಸಿ, ಹುರಿದು, ಮೂರೂವರೆ ಕಿಲೋ ಹಿಡಿಸುವ ಮೇಜಿನ ಮೇಲಿನ ರುಬ್ಬುವ ಯಂತ್ರದಲ್ಲಿ ಚಾಕೊಲೇಟ್ ಮಾಡುತ್ತೇವೆ. ಇತ್ತೀಚೆಗೆ ಬೀಜದ ಚೂರು ಹಾಕಿದ ಕೂಡಲೇ ಡ್ರಮ್ಮು ನಿಧಾನವಾಗುತ್ತದೆ, ಆದರೆ ಮೋಟಾರಿನ ಸದ್ದು ಬದಲಾಗುವುದಿಲ್ಲ. ಸುಟ್ಟ ರಬ್ಬರಿನ ವಾಸನೆ ಬರುತ್ತದೆ, ಮೇಜಿನ ಮೇಲೆ ಕಪ್ಪು ಪುಡಿ ಉದುರಿರುತ್ತದೆ. ಐದು ತಿಂಗಳ ಹಿಂದಷ್ಟೇ ಬೆಲ್ಟು ಬದಲಾಯಿಸಿದ್ದೆವು. ಅಂಗಡಿಯಲ್ಲಿ ‘ಗ್ರೈಂಡರ್ ಬೆಲ್ಟು’ ಎಂದು ಕೇಳಿ ತಂದದ್ದು ಈ ಬಾರಿ ಪುಲ್ಲಿಯೊಳಗೆ ಕೂರಲೇ ಇಲ್ಲ. ಸರಿಯಾದ ಬೆಲ್ಟನ್ನು ಗುರುತಿಸುವುದು ಹೇಗೆ, ನಾವೇ ಹಾಕಿಕೊಳ್ಳಬಹುದೇ, ಇಷ್ಟು ಬೇಗ ಸವೆಯುವುದೇಕೆ?

ಉತ್ತರ: ಮೋಟಾರಿನ ಸದ್ದು ಬದಲಾಗುವುದಿಲ್ಲ ಎಂದು ನೀವು ಗಮನಿಸಿರುವುದರಲ್ಲೇ ಅರ್ಧ ಉತ್ತರವಿದೆ. ಗುಂಡುಕಲ್ಲು ಬಿಗಿದುಕೊಂಡಿದ್ದರೆ ಅಥವಾ ಕೆಪಾಸಿಟರ್ ಕೈಕೊಟ್ಟಿದ್ದರೆ ಮೋಟಾರು ಕೂಡ ಗುಂಯ್‌ಗುಟ್ಟುತ್ತ ನಿಂತುಬಿಡುತ್ತಿತ್ತು. ಅದು ತನ್ನ ಪಾಡಿಗೆ ತಿರುಗುತ್ತಿದ್ದು ಮೇಲಿನ ಡ್ರಮ್ಮು ಮಾತ್ರ ಹಿಂದೆ ಬೀಳುತ್ತಿದೆ ಎಂದರೆ ನಡುವಿನ ಬೆಲ್ಟು ಜಾರುತ್ತಿದೆ ಎಂದೇ ಅರ್ಥ. ಮೇಜಿನ ಮೇಲೆ ಉದುರಿರುವ ಕಪ್ಪು ಪುಡಿ ಆ ಬೆಲ್ಟಿನ ಸವೆದ ಮೈಯೇ.

ಬೇಗ ಸವೆಯುವುದೇಕೆ ಎಂಬ ಕೊನೆಯ ಪ್ರಶ್ನೆಯನ್ನೇ ಮೊದಲು ಎತ್ತಿಕೊಳ್ಳುತ್ತೇನೆ, ಏಕೆಂದರೆ ಅದು ತಿಳಿಯದೆ ಬೆಲ್ಟು ಬದಲಾಯಿಸಿದರೆ ಇನ್ನೈದು ತಿಂಗಳಿಗೆ ಮತ್ತೊಂದು ಪತ್ರ ಬರೆಯಬೇಕಾಗುತ್ತದೆ. ಇಂದು ಮನೆಮಟ್ಟದ ಚಾಕೊಲೇಟಿಗೆ ಬಳಸುವ ಈ ಯಂತ್ರಗಳ ಮೂಲ ಕೊಯಮತ್ತೂರಿನ ಇಡ್ಲಿ-ದೋಸೆ ಗ್ರೈಂಡರು. ಕಲ್ಲಿನ ತಳ, ಎರಡು ಗುಂಡುಕಲ್ಲು, ಸ್ಟೀಲಿನ ಡ್ರಮ್ಮು, ಕೆಳಗೊಂದು ಪುಟ್ಟ ಮೋಟಾರು, ಎಲ್ಲವೂ ಅದೇ ಮನೆತನ. ಉದ್ದಿನಹಿಟ್ಟು ಅರ್ಧ ಗಂಟೆಯಲ್ಲಿ ಉಬ್ಬಿ ಬರುತ್ತದೆ, ಯಂತ್ರಕ್ಕೆ ಮರುದಿನದವರೆಗೆ ವಿಶ್ರಾಂತಿ. ಚಾಕೊಲೇಟು ನಾಲಿಗೆಗೆ ನುಣುಪಾಗಲು ಒಂದು ದಿನದಿಂದ ಮೂರು ದಿನ ಎಡೆಬಿಡದೆ ತಿರುಗಬೇಕು. ನಲವತ್ತೆಂಟು ಗಂಟೆಯ ಒಂದೇ ಒಂದು ಕಂತು ಎಂದರೆ ದಿನಕ್ಕೆ ಅರ್ಧ ಗಂಟೆಯಂತೆ 96 ದಿನ ದೋಸೆಹಿಟ್ಟು ರುಬ್ಬಿದ ಕೆಲಸ. ವಾರಕ್ಕೊಂದು ಕಂತು ಮಾಡುವ ಮನೆಯಲ್ಲಿ ಐದು ತಿಂಗಳಿಗೆ ಬೆಲ್ಟು ಸವೆದರೆ ಅದನ್ನು ಬೈಯುವಂತಿಲ್ಲ.

ಇನ್ನೊಂದು ಕಾರಣ ಯಂತ್ರದ ಒಳರಚನೆಯಲ್ಲೇ ಇದೆ. ಇಂಥ ಮೋಟಾರು ನಮ್ಮ 50 ಹರ್ಟ್ಸ್ ವಿದ್ಯುತ್ತಿನಲ್ಲಿ ಸಾಮಾನ್ಯವಾಗಿ ನಿಮಿಷಕ್ಕೆ 1,440ರ ಆಸುಪಾಸು ಸುತ್ತುತ್ತದೆ, ಡ್ರಮ್ಮು ಅದರ ಹತ್ತರಲ್ಲೊಂದು ಪಾಲಿನಷ್ಟು ಮಾತ್ರ ಸುತ್ತಬೇಕು. ಹಾಗಾಗಿ ಮೋಟಾರಿನ ಪುಲ್ಲಿ ಬಹಳ ಚಿಕ್ಕದು, ಡ್ರಮ್ಮಿನ ಪುಲ್ಲಿ ಊಟದ ತಟ್ಟೆಯಷ್ಟು ದೊಡ್ಡದು, ಎರಡರ ನಡುವಿನ ದೂರವೂ ಕಡಿಮೆ. ದೊಡ್ಡ ಪುಲ್ಲಿಯನ್ನು ಬೆಲ್ಟು ತಬ್ಬಿಕೊಂಡಿರುತ್ತದೆ, ಚಿಕ್ಕದನ್ನು ಅರ್ಧಸುತ್ತಿಗಿಂತಲೂ ಕಡಿಮೆ ಮುಟ್ಟಿರುತ್ತದೆ. ಜಾರುವುದೂ ಕಾಯುವುದೂ ಅಲ್ಲೇ, ಸೆಕೆಂಡಿಗೆ ಹಲವು ಬಾರಿ ಬಿಗಿಯಾಗಿ ಬಾಗಿ ಬಿರುಕು ಬಿಡುವುದೂ ಅಲ್ಲೇ.

ಇನ್ನು ಗುರುತಿಸುವ ವಿಷಯ. ‘ಗ್ರೈಂಡರ್ ಬೆಲ್ಟು’ ಎಂಬ ಹೆಸರಿನಿಂದ ಪ್ರಯೋಜನವಿಲ್ಲ. ಬೆಲ್ಟಿಗೆ ಇರುವುದು ಅಡ್ಡಳತೆ ಮತ್ತು ಉದ್ದ ಮಾತ್ರ. ಹಳೆಯ ಬೆಲ್ಟಿನ ಬೆನ್ನಿನ ಮೇಲೆ ಬಟ್ಟೆಯಿಂದ ಒರಸಿ, ಬ್ಯಾಟರಿ ದೀಪವನ್ನು ಓರೆಯಾಗಿ ಹಿಡಿದು ನೋಡಿದರೆ ಅಳಿದುಳಿದ ಅಕ್ಷರಗಳು ಕಾಣುತ್ತವೆ. ‘ಎ-28’ ಎಂದಿದ್ದರೆ ಅದು ‘ವಿ’ ಆಕಾರದ ಬೆಲ್ಟು: ಮೇಲ್ಭಾಗದ ಅಗಲ 13 ಮಿಲಿಮೀಟರ್, ದಪ್ಪ 8 ಮಿಲಿಮೀಟರ್, ಒಳಸುತ್ತು 28 ಅಂಗುಲ. ಇದಕ್ಕಿಂತ ಸಣ್ಣ ಜಾತಿಯದು 10 ಮಿಲಿಮೀಟರ್ ಅಗಲ, 6 ಮಿಲಿಮೀಟರ್ ದಪ್ಪ ಇರುತ್ತದೆ. ನಿಮಗೆ ಅಂಗಡಿಯಲ್ಲಿ ಬಹುಶಃ ಸಣ್ಣದರ ಬದಲು ‘ಎ’ ಜಾತಿಯದನ್ನು ಕೊಟ್ಟಿದ್ದಾರೆ, ಅದಕ್ಕೇ ಅದು ಕೂರಲಿಲ್ಲ. ಕೆಲವು ಯಂತ್ರಗಳಲ್ಲಿ ಒಳಮೈಯಲ್ಲಿ ಉದ್ದುದ್ದ ಗೀರುಗಳಿರುವ ತೆಳ್ಳನೆಯ ಪಟ್ಟಿ ಬೆಲ್ಟು ಇರುತ್ತದೆ. ಅದರ ಮೇಲಿನ ‘6ಪಿಜೆ 610’ ಎಂಬ ಬರಹಕ್ಕೆ ಆರು ಗೀರು, 610 ಮಿಲಿಮೀಟರ್ ಉದ್ದ ಎಂದರ್ಥ. ಅದನ್ನೇ ಕೆಲವರು ‘240ಜೆ6’ ಎಂದು ಅಂಗುಲದ ಹತ್ತನೇ ಒಂದು ಭಾಗದ ಲೆಕ್ಕದಲ್ಲಿ (240 ಎಂದರೆ 24 ಅಂಗುಲ) ಮುದ್ರಿಸುತ್ತಾರೆ.

ಅಕ್ಷರ ಪೂರ್ತಿ ಅಳಿಸಿಹೋಗಿದ್ದರೆ ಅಳತೆ ತೆಗೆಯಬೇಕಾಗುತ್ತದೆ, ಆದರೆ ಸವೆದ ಬೆಲ್ಟು ಎರಡು ಬಗೆಯಲ್ಲಿ ಸುಳ್ಳು ಹೇಳುತ್ತದೆ. ಪಕ್ಕೆಗಳು ಸವೆದಿರುವುದರಿಂದ 13 ಇರಬೇಕಾದ ಅಗಲ 12 ಎಂದು ತೋರುತ್ತದೆ. ಹಿಗ್ಗಿರುವುದರಿಂದ ಉದ್ದ ತುಸು ಹೆಚ್ಚೆಂದು ತೋರುತ್ತದೆ. ಆದ್ದರಿಂದ ಒಳಸುತ್ತನ್ನು ದಾರದಿಂದ ಅಳೆದು, ಅಷ್ಟೇ ಉದ್ದದ್ದನ್ನೂ ಅದಕ್ಕಿಂತ ಒಂದು ಅಂಗುಲ ಚಿಕ್ಕದನ್ನೂ ಹಾಕಿ ನೋಡಿ. ಮೋಟಾರನ್ನು ಕೂರಿಸಿರುವ ಉದ್ದನೆಯ ತೂತಿನ ನಡುಭಾಗದಲ್ಲಿ ಬೋಲ್ಟು ನಿಂತಾಗ ಬಿಗಿಯಾಗುವ ಬೆಲ್ಟೇ ಸರಿಯಾದದ್ದು, ಮುಂದೆ ಅದು ಹಿಗ್ಗಿದಾಗ ಎಳೆದುಕೊಳ್ಳಲು ಜಾಗ ಉಳಿದಿರುತ್ತದೆ.

ಕೆಲಸವನ್ನು ನೀವೇ ಮಾಡಬಹುದು. ಪ್ಲಗ್ಗನ್ನು ಗೋಡೆಯಿಂದ ಕಿತ್ತಿಡಿ, ಸ್ವಿಚ್ಚು ಆರಿಸಿದರೆ ಸಾಲದು. ಡ್ರಮ್ಮನ್ನು, ಗುಂಡುಕಲ್ಲನ್ನು ತೆಗೆದು ಬೇರೆ ಕೋಣೆಯಲ್ಲಿಡಿ, ರಬ್ಬರಿನ ಪುಡಿ ಇರುವ ಜಾಗದಲ್ಲಿ ತಿನ್ನುವ ಪದಾರ್ಥದ ಪಾತ್ರೆ ಬೇಡ. ಯಂತ್ರವನ್ನು ಹಳೆಯ ಕಂಬಳಿಯ ಮೇಲೆ ಮಗುಚಿ ತಳದ ತಗಡನ್ನು ಬಿಚ್ಚಿದ ಮೇಲೆ ಮೊಬೈಲಿನಲ್ಲಿ ಒಂದು ಚಿತ್ರ ತೆಗೆದುಕೊಳ್ಳಿ, ಮುಖ್ಯವಾಗಿ ಹಸಿರು ಅರ್ಥಿಂಗ್ ತಂತಿ ಯಾವ ತಿರುಪಿಗೆ ಸೇರಿದೆ ಎಂಬುದನ್ನು. ತಗಡನ್ನು ಮರಳಿ ಹಾಕುವ ಅವಸರದಲ್ಲಿ ಜನ ಮರೆಯುವುದು ಆ ತಂತಿಯನ್ನೇ, ಒದ್ದೆ ಕೈಯಲ್ಲಿ ಸ್ಟೀಲಿನ ಡ್ರಮ್ಮು ಮುಟ್ಟುವ ಯಂತ್ರದಲ್ಲಿ ಅದು ಮರೆಯುವಂಥದ್ದಲ್ಲ. ಕೆಪಾಸಿಟರಿನ ತುದಿಗಳನ್ನು ಮುಟ್ಟಬೇಡಿ, ಪ್ಲಗ್ಗು ಕಿತ್ತ ಮೇಲೂ ಅದರಲ್ಲಿ ವಿದ್ಯುತ್ತು ಉಳಿದಿರಬಹುದು.

ಮೋಟಾರಿನ ಬೋಲ್ಟುಗಳನ್ನು ಸಡಿಲಿಸಿ, ಮೋಟಾರನ್ನು ಒಳಕ್ಕೆ ಸರಿಸಿ, ಬೆಲ್ಟನ್ನು ಸಲೀಸಾಗಿ ತೆಗೆಯಿರಿ. ಸ್ಕ್ರೂಡ್ರೈವರಿನಿಂದ ಮೀಟಿ ಹಾಕುವ ಅಭ್ಯಾಸ ನನಗೂ ಒಂದು ಕಾಲದಲ್ಲಿತ್ತು. ಹಾಗೆ ಹಾಕಿದ ಹೊಸ ಬೆಲ್ಟೊಂದು ಒಂದು ಗಂಟೆಯೊಳಗೆ ಪುಲ್ಲಿಯಲ್ಲೇ ಮಗುಚಿಕೊಂಡಿತು. ಬಿಚ್ಚಿ ಬಾಗಿಸಿ ನೋಡಿದಾಗ ಒಂದು ಅಂಚಿನಲ್ಲಿ ಒಳಗಿನ ನೂಲು ತುಂಡಾಗಿ ಬಿಳಿಯ ಎಳೆ ಹೊರಗೆ ಇಣುಕುತ್ತಿತ್ತು. ಬೆಲ್ಟಿನ ಬಲವಿರುವುದು ಆ ನೂಲಿನಲ್ಲಿ. ಮೋಟಾರು ಸರಿಯದ ಯಂತ್ರವಾದರೆ ಬೆಲ್ಟನ್ನು ಚಿಕ್ಕ ಪುಲ್ಲಿಗೆ ಮೊದಲು ಕೂರಿಸಿ, ದೊಡ್ಡದರ ಅಂಚಿಗೆ ಒತ್ತಿಹಿಡಿದು ಕೈಯಿಂದಲೇ ಅದನ್ನು ಮೆಲ್ಲಗೆ ತಿರುಗಿಸಿದರೆ ಬೆಲ್ಟು ತಾನಾಗಿ ಏರಿಕೊಳ್ಳುತ್ತದೆ.

ಹೊಸದನ್ನು ಹಾಕುವ ಮುನ್ನ ಚಿಕ್ಕ ಪುಲ್ಲಿಯಲ್ಲಿ ಬೆಲ್ಟು ಕೂರುವ ತೋಡಿನೊಳಕ್ಕೆ ಬೆಳಕು ಬಿಟ್ಟು ನೋಡಿ. ‘ವಿ’ ಬೆಲ್ಟು ಹಿಡಿತ ಸಾಧಿಸುವುದು ಎರಡು ಪಕ್ಕೆಗಳು ತೋಡಿನ ಗೋಡೆಗಳ ನಡುವೆ ಬೆಣೆಯಂತೆ ಸಿಕ್ಕಿಕೊಳ್ಳುವುದರಿಂದ, ತಳಕ್ಕೆ ಅದು ತಾಗಲೇಬಾರದು. ತಳ ಕನ್ನಡಿಯಂತೆ ಹೊಳೆಯುತ್ತಿದ್ದರೆ ಹಳೆಯ ಬೆಲ್ಟು ಅಲ್ಲಿಯವರೆಗೆ ಇಳಿದು ಜಾರುತ್ತಿತ್ತು ಎಂದು ತಿಳಿಯಿರಿ. ಗೋಡೆಗಳು ಒಳಕ್ಕೆ ತಗ್ಗಿ ಬಟ್ಟಲಿನಂತೆ ಸವೆದಿದ್ದರೆ ಪುಲ್ಲಿಯನ್ನೂ ಬದಲಾಯಿಸಿ. ಸವೆದ ಪುಲ್ಲಿ ಹೊಸ ಬೆಲ್ಟನ್ನು ಕೆಲವೇ ವಾರಗಳಲ್ಲಿ ಹಳೆಯದನ್ನಾಗಿ ಮಾಡಿಬಿಡುತ್ತದೆ. ಜೊತೆಗೆ ಎರಡು ಪುಲ್ಲಿಗಳ ಮುಖಕ್ಕೂ ಒಂದು ನೇರ ಅಳತೆಪಟ್ಟಿಯನ್ನು ತಾಗಿಸಿ ಅವು ಒಂದೇ ಮಟ್ಟದಲ್ಲಿವೆಯೇ ಎಂದು ನೋಡಿಕೊಳ್ಳಿ.

ಬಿಗಿಯ ವಿಷಯದಲ್ಲಿ ನಮ್ಮವರದ್ದು ಅತಿಯ ಕಡೆಗೇ ಒಲವು. ಎರಡು ಪುಲ್ಲಿಗಳ ನಡುವೆ ಬೆಲ್ಟಿನ ಬಿಡುಭಾಗ 20 ಸೆಂಟಿಮೀಟರ್ ಇದ್ದರೆ, ಅದರ ಮಧ್ಯದಲ್ಲಿ ಹೆಬ್ಬೆರಳಿನಿಂದ ಹದವಾಗಿ ಒತ್ತಿದಾಗ ಸುಮಾರು 3 ಮಿಲಿಮೀಟರ್ ತಗ್ಗಬೇಕು. ವೀಣೆಯ ತಂತಿಯಂತೆ ಬಿಗಿದರೆ ಬೆಲ್ಟು ಜಾರುವುದಿಲ್ಲ ನಿಜ, ಆದರೆ ಆ ಎಳೆತವನ್ನೆಲ್ಲ ಮೋಟಾರಿನ ಬೇರಿಂಗು ಎರಡು ದಿನ ಹಗಲಿರುಳು ಹೊರಬೇಕು. ಬೆಲ್ಟಿನ ಖರ್ಚು ಉಳಿಸಹೋಗಿ ಮೋಟಾರಿಗೆ ದುಡ್ಡು ತೆತ್ತಂತಾಗುತ್ತದೆ. ಹೊಸ ಬೆಲ್ಟು ಮೊದಲ ಕೆಲವು ಗಂಟೆಗಳಲ್ಲಿ ತೋಡಿಗೆ ಒಗ್ಗಿಕೊಂಡು ತುಸು ಸಡಿಲವಾಗುತ್ತದೆ. ಆಗ ಮತ್ತೊಮ್ಮೆ ಬಿಗಿಮಾಡಿ.

ಕೊನೆಯದಾಗಿ, ಯಂತ್ರದ ಮೇಲ್ಭಾಗದಲ್ಲಿ ನೀವು ಮಾಡುವ ಕೆಲಸವೂ ಬೆಲ್ಟಿಗೆ ಮುಟ್ಟುತ್ತದೆ. ‘ಚೂರು ಹಾಕಿದ ಕೂಡಲೇ’ ಡ್ರಮ್ಮು ನಿಧಾನವಾಗುತ್ತದೆ ಎಂದಿದ್ದೀರಿ. ಕೊಕ್ಕೋ ಬೆಣ್ಣೆ ಕರಗುವುದು 34 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸಿನಲ್ಲಿ. ತಣ್ಣಗಿನ ಕಲ್ಲಿಗೆ ತಣ್ಣಗಿನ ಚೂರನ್ನು ಒಮ್ಮೆಗೇ ಸುರಿದರೆ ಅದು ಕರಗುವ ತನಕ ಯಂತ್ರ ಜಲ್ಲಿ ಅರೆದಂತೆ ಒದ್ದಾಡುತ್ತದೆ. ಚೂರನ್ನೂ ಡ್ರಮ್ಮನ್ನೂ ಬೆಚ್ಚಗೆ ಮಾಡಿಕೊಂಡು, ಗುಂಡುಕಲ್ಲಿನ ಒತ್ತಡದ ತಿರುಪನ್ನು ಸಡಿಲವಿಟ್ಟು, ಹಿಡಿಹಿಡಿಯಾಗಿ ಹಾಕುತ್ತ, ಮಿಶ್ರಣ ನೀರಾದ ಮೇಲಷ್ಟೇ ತಿರುಪನ್ನು ಬಿಗಿಮಾಡಿ. ಇನ್ನು ನಿಮ್ಮ ಕಡೆಯ ಆಷಾಢ-ಶ್ರಾವಣದ ಗಾಳಿಯಲ್ಲಿ ಸಕ್ಕರೆ ತೇವ ಹೀರುತ್ತದೆ, ಆ ಚೂರು ತೇವಕ್ಕೇ ಚಾಕೊಲೇಟು ಗಟ್ಟಿಯಾಗಿ ಕಲ್ಲನ್ನು ಹಿಡಿದುಕೊಳ್ಳುತ್ತದೆ. ಮಳೆಗಾಲದಲ್ಲಿ ಸಕ್ಕರೆಯನ್ನು ಒಣ ಬಾಣಲೆಯಲ್ಲಿ ಬೆಚ್ಚಗೆ ಮಾಡಿ ಹಾಕಿದರೆ ಬೆಲ್ಟಿನ ಆಯುಸ್ಸೂ ಹೆಚ್ಚುತ್ತದೆ. ನಡುವಿನ ಕಂಬದ ಮೂಲಕ ಕೊಕ್ಕೋ ಬೆಣ್ಣೆ ಕೆಳಕ್ಕೆ ಜಿನುಗುತ್ತಿದೆಯೇ ಎಂಬುದನ್ನೂ ನೋಡಿ, ಜಿಡ್ಡು ತಾಗಿದ ರಬ್ಬರು ಉಬ್ಬಿ ಮೆತ್ತಗಾಗುತ್ತದೆ.

ಪ್ರಶ್ನೆ: ಮೈಸೂರಿನಲ್ಲಿ ಸಣ್ಣದಾಗಿ ಚಾಕೊಲೇಟ್ ತಯಾರಿಸುತ್ತೇನೆ. ಇಪ್ಪತ್ತನೆಯ ಗಂಟೆಯಲ್ಲಿ, ನಡುರಾತ್ರಿ, ಬೆಲ್ಟು ಹರಿದಿದೆ. ಬೆಳಿಗ್ಗೆ ನೋಡಿದರೆ ಎಲ್ಲವೂ ಡ್ರಮ್ಮಿನಲ್ಲೇ ಕಲ್ಲಾಗಿದೆ. ಅರೆಬರೆ ರುಬ್ಬಿದ ಈ ಚಾಕೊಲೇಟು ಹಾಳಾಯಿತೇ?

ಉತ್ತರ: ಹಾಳಾಗಿಲ್ಲ. ಹಾಲಿನ ಪುಡಿ, ಸಕ್ಕರೆ, ಕೊಕ್ಕೋ ಮಾತ್ರ ಇರುವ, ನೀರಿನಂಶವೇ ಇಲ್ಲದಂಥ ಮಿಶ್ರಣ ಒಂದೆರಡು ದಿನ ಮುಚ್ಚಿಟ್ಟರೆ ಕೆಡುವುದಿಲ್ಲ, ನಿಲ್ಲಿಸಿದಲ್ಲಿಂದಲೇ ಮುಂದುವರಿಸಬಹುದು. ಆದರೆ ಹೊಸ ಬೆಲ್ಟು ಹಾಕಿದ ಖುಷಿಯಲ್ಲಿ ಸ್ವಿಚ್ಚು ಒತ್ತಿಬಿಡಬೇಡಿ. ಗಟ್ಟಿಯಾದ ಚಾಕೊಲೇಟಿನಲ್ಲಿ ಹೂತ ಗುಂಡುಕಲ್ಲು ಕದಲುವುದಿಲ್ಲ, ನಿಂತ ಡ್ರಮ್ಮಿನ ಕೆಳಗೆ ಮೋಟಾರೂ ನಿಂತುಬಿಡಬಹುದು, ಇಲ್ಲವೇ ಚಿಕ್ಕ ಪುಲ್ಲಿ ಮಾತ್ರ ತಿರುಗಿ ಬೆಲ್ಟಿನ ಒಂದೇ ಜಾಗವನ್ನು ಸುಟ್ಟುಬಿಡಬಹುದು. ಕೂದಲು ಒಣಗಿಸುವ ಯಂತ್ರದಿಂದ ಡ್ರಮ್ಮಿನ ಹೊರಮೈಗೆ ಸುತ್ತಲೂ ಬಿಸಿಗಾಳಿ ಹಾಯಿಸುತ್ತ, ಕೈಯಿಂದ ತಿರುಗಿಸಿದರೆ ಡ್ರಮ್ಮು ಹಗುರಾಗಿ ತಿರುಗುವವರೆಗೆ ಕಾಯಿರಿ. ಬಿಸಿ ಒಲೆಯೊಳಗೆ ಇಡುವುದಾಗಲಿ ಕುದಿನೀರಿನಲ್ಲಿ ಇಳಿಸುವುದಾಗಲಿ ಬೇಡ, ಕಲ್ಲನ್ನು ಸ್ಟೀಲಿಗೆ ಹಿಡಿಸಿರುವ ಅಂಟು ಬಿಟ್ಟುಕೊಳ್ಳಬಹುದು. ಹರಿದ ಬೆಲ್ಟಿನ ತುಣುಕುಗಳೆಲ್ಲ ಕೆಳಗೇ ಸಿಕ್ಕವೇ ಎಂದು ಜೋಡಿಸಿ ಲೆಕ್ಕ ನೋಡಿ. ರಬ್ಬರಿನ ಚೂರು ಡ್ರಮ್ಮಿಗೆ ಸಿಡಿದಿರುವ ಸಂಶಯವಿದ್ದರೆ ಮಾತ್ರ ಆ ಕಂತನ್ನು ಮಾರುವ ಆಸೆ ಬಿಡಿ.

ಪ್ರಶ್ನೆ: ಸಕಲೇಶಪುರದ ಕಡೆಯವನು. ಹೊಲಿಗೆ ಯಂತ್ರದ ತೊಗಲಿನ ಬೆಲ್ಟನ್ನು ಕತ್ತರಿಸಿ ತಂತಿಯ ಕೊಕ್ಕೆ ಹಾಕಿ ಜೋಡಿಸುವಂತೆ ಗ್ರೈಂಡರಿನ ಬೆಲ್ಟನ್ನೂ ಜೋಡಿಸಬಹುದೇ? ಜಾರುವ ಬೆಲ್ಟಿಗೆ ರಾಳದ ಪುಡಿ ಉಜ್ಜಿದರೆ ನಿಲ್ಲುತ್ತದೆ ಎನ್ನುತ್ತಾರೆ, ನಿಜವೇ?

ಉತ್ತರ: ಜೋಡಿಸಲಾಗದು. ತೊಗಲಿನ ಬೆಲ್ಟಿಗೆ ಮೈಯೆಲ್ಲ ಒಂದೇ ಬಲ. ಇದರ ಬಲ ಒಳಗೆ ಸುತ್ತಿಬಂದಿರುವ ನೂಲಿನಲ್ಲಿದೆ, ಒಮ್ಮೆ ತುಂಡಾದರೆ ಉಳಿಯುವುದು ಬರೀ ರಬ್ಬರು. ಮೇಲಾಗಿ ತಂತಿಯ ಕೊಕ್ಕೆ ಆ ಪುಟ್ಟ ಪುಲ್ಲಿಯ ಗೋಡೆಯನ್ನು ಅರದಂತೆ ಉಜ್ಜುತ್ತದೆ. ರಾಳದ ಪುಡಿಯಿಂದ ಒಂದೆರಡು ಗಂಟೆ ಹಿಡಿತ ಬರುವುದು ನಿಜ, ಆಮೇಲೆ ಅದು ರಬ್ಬರಿನ ಪುಡಿಯೊಂದಿಗೆ ಕಲಸಿ ತೋಡಿನಲ್ಲಿ ಗಟ್ಟಿ ಪದರವಾಗಿ ಕೂರುತ್ತದೆ, ಅದನ್ನು ಕೆರೆದು ತೆಗೆಯುವ ಕೆಲಸ ಹೊಸ ಬೆಲ್ಟು ಹಾಕುವುದಕ್ಕಿಂತ ದೊಡ್ಡದು. ಅದರ ಬದಲು ಪಟ್ಟಣಕ್ಕೆ ಹೋದಾಗ ಎರಡು ಬೆಲ್ಟು ತನ್ನಿ. ಒಂದನ್ನು ಯಂತ್ರಕ್ಕೆ ಹಾಕಿ, ಇನ್ನೊಂದನ್ನು ಮೊಳೆಗೆ ನೇತುಹಾಕದೆ, ನೇತ ಜಾಗದಲ್ಲಿ ಅದು ಮಡಿಕೆ ಬೀಳುವುದರಿಂದ, ಬಿಸಿಲು ಬೀಳದ ಡಬ್ಬಿಯಲ್ಲಿ ದುಂಡಗೆ ಮಲಗಿಸಿಡಿ. ಡಬ್ಬಿಯ ಮುಚ್ಚಳದ ಮೇಲೆ ಅದರ ಸಂಖ್ಯೆಯನ್ನು ಬರೆಯಿರಿ, ಯಂತ್ರದ ತಳದ ತಗಡಿನ ಒಳಮೈಯಲ್ಲೂ ಬರೆಯಿರಿ.